ಬರಿಗೈ ಸೊಸೆ

"ನಿಂತ್ಕ ಅಲ್ಲೇ! ಒಸ್ಲು ದಾಟ್‌ಬೇಡ ಕಣಮ್ಮಿ! ನನ್ ಮಗ ಸತ್ತೋಗವ್ನಾ? ಬರಿಗೈ ಆಡುಸ್ಕಂಡು ಬತ್ತಾ ಇದ್ದೀಯಲ್ಲ, ಊರೋರು ನೋಡಕಿಲ್ವಾ?"

ಮೂಗಮ್ಮ ಮೊರದಲ್ಲಿದ್ದ ರಾಗಿಯನ್ನು ಹಾಗೇ ಬಿಟ್ಟು ಎದ್ದು ಬಾಗಿಲಿಗೆ ಅಡ್ಡ ನಿಂತಿದ್ದಳು. ಅಂಗಳದ ಬಿಸಿಲಲ್ಲಿ ನಿಂತವಳು ಅವಳ ಸೊಸೆ ಶಶಿರೇಖಾ, ಊರಿನ ಸರ್ಕಾರಿ ಆಸ್ಪತ್ರೆಯ ನರ್ಸು. ರಾತ್ರಿ ಪಾಳಿ ಮುಗಿಸಿ, ಅದರ ಬೆನ್ನಿಗೇ ಅರ್ಧ ಹಗಲಿನ ಪಾಳಿಯನ್ನೂ ಮಾಡಿ ಬಂದಿದ್ದಳು. ಅತ್ತೆ ಕೂಗಿದ ಮೇಲೇ ಅವಳು ತನ್ನ ಕೈ ನೋಡಿಕೊಂಡದ್ದು.

"ಮರ್ತೋಯ್ತು ಅತ್ತೆ. ಹೆರಿಗೆ ಕೋಣೆ ಬಾಗ್ಲ ಮೊಳೆಗೆ ಬಳೆ ನೇತಾಕಿದ್ದೆ, ಹಂಗೇ ಬಂದ್‌ಬುಟ್ಟೆ."

"ಗಂಡನ್ನ ಮೊಳೆಗೆ ನೇತಾಕ್‌ಬುಟ್ಟು ಬಂದವ್ಳೆ ನೋಡ್ರಪ್ಪಾ!"

"ಗಾಜಿನ ಬಳೆ ಹಾಕ್ಕಂಡು ಮಗು ಹಿಡಿಯಕಾಯ್ತದಾ? ಒಡ್ದು ತಾಯಿಗೋ ಕೂಸಿಗೋ ಚುಚ್ಚುದ್ರೆ ಯಾರು ಹೊಣೆ?"

"ನಮ್ಮವ್ವ ಒಂಬತ್ತು ಹೆತ್ಲು. ಸೂಲಗಿತ್ತಿ ಮೊಣಕೈಗಂಟ ಬಳೆ ತೊಟ್ಟಿದ್ಲು. ಯಾರ್ಗೂ ಏನೂ ಚುಚ್ನಿಲ್ಲ."

"ಒಂಬತ್ರಲ್ಲಿ ಎಷ್ಟು ಉಳುಕಂಡ್ವು ಅತ್ತೆ?"

ಉಳಿದದ್ದು ಮೂಗಮ್ಮ ಮತ್ತು ಅವಳ ಒಬ್ಬ ತಮ್ಮ. ಮುಂಚಿನವೆಲ್ಲ ಮಣ್ಣಾದವು, ಇವಳಾದರೂ ಉಳಿಯಲಿ ಎಂದೇ ಇವಳಿಗೆ ಹುಟ್ಟಿದ ಕೂಡಲೆ ಮೂಗು ಚುಚ್ಚಿಸಿ ಮೂಗಮ್ಮ ಎಂದು ಹೆಸರಿಟ್ಟಿದ್ದರು. ಸೊಸೆಗೆ ಅದು ಗೊತ್ತಿತ್ತು. ಗೊತ್ತಿದ್ದೇ ಆಡಿದ ಮಾತು ಅದು.

ಜಗಲಿಯ ಮೇಲೆ ಕೂತು ಅರಿಸಿನದ ಬೇರು ಬಿಡಿಸುತ್ತಿದ್ದ ಮಾವ ಪುಟ್ಟಮಾದು ತಲೆ ಎತ್ತಿದ. "ಬುಡಮ್ಮಿ ಒಳಕ್ಕೆ. ಬಿಸ್ಲಲ್ಲಿ ನಿಂತವ್ಳೆ."

"ನೀವು ಸುಮ್ಕಿರಿ. ಎಲ್ಲಾ ನಿಮ್ಮಿಂದ್ಲೇ ಆದದ್ದು. ಸಂಬಳದ ಸೊಸೆ ಬೇಕು ಅಂತ ಕುದೇರು ಊರ್ಗಂಟ ನಡ್ದೋಗಿ ತಂದ್ರಿ." ಆಮೇಲೆ ಸೊಸೆಯ ಕಡೆ ತಿರುಗದೆಯೇ ಅಂದಳು: "ಹಿತ್ಲಿಂದ ಓಗು. ಹಂಡೆ ಕಾಯ್ಸಿವ್ನಿ. ತಲೆಗ್ ಉಯ್ಕಂಡು ಬಾ."

ಅದು ಆ ಮನೆಯ ಕಟ್ಟಳೆ. ಆಸ್ಪತ್ರೆಯಿಂದ ಬಂದ ಸೊಸೆ ಮುಂಬಾಗಿಲಿಂದ ಒಳಗೆ ಬರುವಂತಿಲ್ಲ. ಹಿತ್ತಲಿನ ಬಚ್ಚಲಲ್ಲಿ ಸೀರೆ ಬಿಟ್ಟು, ತಲೆಗೆ ನೀರು ಹುಯ್ದುಕೊಂಡು, ಮಡಿ ಸೀರೆ ಉಟ್ಟೇ ಒಲೆ ಮುಟ್ಟಬೇಕು. ಹೆತ್ತವಳ ರಕ್ತದ ಮೈಲಿಗೆ ಅಂಥದ್ದಂತೆ. ಆ ನೀರನ್ನು ಮಾತ್ರ ಮೂಗಮ್ಮ ಇನ್ನೊಬ್ಬರ ಕೈಲಿ ಕಾಯಿಸುತ್ತಿರಲಿಲ್ಲ. ಜ್ವರ ಬಂದು ಮಲಗಿದ್ದ ದಿನವೂ ಎದ್ದು ಹೋಗಿ ತೆಂಗಿನ ಗರಿ ಒಟ್ಟಿ ಹಂಡೆಗೆ ಉರಿ ಹಾಕಿದ್ದಳು. ಬೈಯುತ್ತಲೇ ಹಾಕಿದ್ದಳು.

ಅವಳ ಸಂಬಳ ಮಾತ್ರ ಯಾರಿಗೂ ಮೈಲಿಗೆಯಾಗಿರಲಿಲ್ಲ. ಮನೆಗೆ ಮಂಗಳೂರು ಹೆಂಚು ಬಂದದ್ದು, ನಾದಿನಿ ಭವ್ಯ ಗುಂಡ್ಲುಪೇಟೆಯ ಕಾಲೇಜಿಗೆ ಹೋಗಿ ಪಿಯುಸಿ ಮುಗಿಸಿದ್ದು, ಕರೆಯುವ ಹಸು ಬಂದದ್ದು ಎಲ್ಲ ಅದರಿಂದಲೇ. ಗಂಡ ಶಿವರಾಮು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಓಡಾಡುವ ಬಸ್ಸಿನ ಕಂಡಕ್ಟರು. ಬಸ್ಸಿನಲ್ಲಿ ಗಂಟಲು ಹರಿಯುವ ಹಾಗೆ ಕೂಗುವ ಮನುಷ್ಯ, ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ.

ಆಸ್ಪತ್ರೆ ಊರ ಹೊರಗಿನ ರಸ್ತೆಯಲ್ಲಿತ್ತು. ನಾಲ್ಕು ಜನ ನರ್ಸಮ್ಮಂದಿರು ಇರಬೇಕಾದ ಜಾಗ. ಒಬ್ಬಳು ಬತ್ತೇರಿ ಕಡೆಯ ಮಲಯಾಳಿ ಹುಡುಗಿ, ಸಂಬಳವಿಲ್ಲದ ರಜೆ ಹಾಕಿ ಗಲ್ಫಿಗೆ ಹೋದಳು. ಇನ್ನೊಬ್ಬಳು ಹೆಸರಿಗೆ ಇಲ್ಲಿ, ಕೂತಿರುವುದು ಮೈಸೂರಿನಲ್ಲಿ. ಉಳಿದವರು ಶಶಿರೇಖಾ ಮತ್ತು ನಿವೃತ್ತಿಗೆ ಹತ್ತಿರವಿದ್ದ ಗಂಗಾಂಬಿಕೆ. ಇವಳು ಹಗಲಾದರೆ ಅವಳು ರಾತ್ರಿ, ಅವಳು ಹಗಲಾದರೆ ಇವಳು ರಾತ್ರಿ. ಒಬ್ಬಳಿಗೆ ನೆಗಡಿಯಾದರೆ ಇನ್ನೊಬ್ಬಳಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ.

ಆ ಶ್ರಾವಣದ ಒಂದು ಸಂಜೆ ಊಟಕ್ಕೆ ಕೂತಾಗ ಪುಟ್ಟಮಾದು ಮುದ್ದೆ ಮುರಿಯುತ್ತ ಹೇಳಿದ: "ಜಿಲ್ಲಾ ಪಂಚಾಯ್ತಿ ಮೆಂಬರ್ ಮರಿಮಲ್ಲಪ್ಪನ್ನ ಕಂಡಿದ್ದೆ. ಚಾಮ್ರಾಜ್‌ನಗರ ಈಗ ಜಿಲ್ಲೆ ಆಯ್ತಲ್ಲ, ಅಲ್ಲಿ ಹೊಸ ಆಪೀಸು ತೆಗ್ದವ್ರೆ, ಬರಿಯಾಕೆ ಜನ ಇಲ್ವಂತೆ. ಶಶೀನ ಅಲ್ಲಿಗೆ ಡೆಪ್ಟೇಶನ್ ಹಾಕುಸ್ತೀನಿ ಅಂದ. ಬೆಳಿಗ್ಗೆ ಓಗಿ ಸಂದೆಗೆ ವಾಪಸ್ಸು. ಫ್ಯಾನ್ ಕೆಳ್ಗೆ ಕುಂತ್ಕಂಡು ಬರಿಯಾದು."

ಮೂಗಮ್ಮ ಸಾರಿನ ಸೌಟು ಹಿಡಿದೇ ಗೋಡೆಯ ಮೇಲಿನ ಮಾದಪ್ಪನ ಪಟಕ್ಕೆ ಕೈ ಮುಗಿದಳು. ಸಾರು ನೆಲಕ್ಕೆ ತೊಟ್ಟಿಕ್ಕಿತು.

"ಇಲ್ಲಿಗೆ ಯಾರು ಬತ್ತರೆ ಮಾವ?" ಎಂದಳು ಶಶಿರೇಖಾ.

"ಯಾರೋ ಬತ್ತರೆ."

"ಬರಾಕಿಲ್ಲ. ಡೆಪ್ಟೇಶನ್ ಅಂದ್ರೆ ನನ್ ಹೆಸ್ರು ಇಲ್ಲೇ ಇರ್ತದೆ, ಸಂಬಳ ಇಲ್ಲೇ ಆಯ್ತದೆ. ಜಾಗ ತುಂಬೈತೆ ಅಂತ್ಲೇ ಲೆಕ್ಕ. ಗಂಗಾಂಬಿಕಕ್ಕ ಒಬ್ರೇ ಆಗೋಯ್ತರೆ."

"ಸರ್ಕಾರಕ್ಕೇ ಇಲ್ದಿರೋ ಚಿಂತೆ ನಿನ್ಗ್ಯಾಕವ್ವ? ನಿನ್ ಕಾಲ್ ನೋಡ್ಕೊ, ಒಳ್ಳೆ ಒನಕೆ ಆಗವೆ."

ಅವಳ ಕಾಲುಗಳು ನಿಜವಾಗಿ ಊದಿದ್ದವು. ಅಂಥ ಮಾತು ಮನೆಯಲ್ಲಿ ಯಾರಾದರೂ ಆಡಿದ್ದು ಅದೇ ಮೊದಲು. ಅವಳು ಬೇಡ ಎನ್ನಲಿಲ್ಲ. ತಟ್ಟೆಯ ಕಡೆ ಮುಖ ಮಾಡಿಕೊಂಡು ಮುದ್ದೆ ನುಂಗಿದಳು. ಎಲ್ಲರೂ ಅದನ್ನೇ ಒಪ್ಪಿಗೆ ಎಂದುಕೊಂಡರು. ಒಪ್ಪಿಗೆಯೇ ಆಗಿತ್ತು ಅದು. ದಣಿದವಳಿಗೆ ಕುರ್ಚಿ ತೋರಿಸಿದರೆ ಅವಳು ಕೂರದೆ ಇನ್ನೇನು ಮಾಡುತ್ತಾಳೆ?

ಆರ್ಡರು ಬರುವುದಕ್ಕೆ ಮುಂಚೆ ಗೌರಿ ಹಬ್ಬ ಬಂತು. ಬಳೆ ಸೋಮಮ್ಮ ಬಳೆಗಳ ಮಲಾರ ಹೊತ್ತುಕೊಂಡು ಬಂದು ಜಗಲಿಯ ಮೇಲೆ ಕೂತಳು. ಮೂಗಮ್ಮ ತಾನೇ ಆರಿಸಿದಳು, ಒಂದು ಹಸಿರು, ಒಂದು ಕೆಂಪು. ಸೋಮಮ್ಮ ಶಶಿರೇಖಾಳ ಕೈಗೆ ಸೋಪು ಸವರಿ, ಹೆಬ್ಬೆರಳು ಮಡಚಿ, ಗಿಣ್ಣು ಒತ್ತಿ ಒತ್ತಿ ಏರಿಸಿದಳು.

"ಅಯ್ಯೋ, ಬಿಗಿ ಕಣಕ್ಕ! ಒಂದ್ ಸೈಜು ದೊಡ್ದು ಕೊಡು."

"ಬಿಗಿ ಇದ್ರೇ ಲಕ್ಷಣ," ಅಂದಳು ಸೋಮಮ್ಮ, ಮೂಗಮ್ಮನ ಮುಖ ನೋಡಿ ನಗುತ್ತ. "ಇನ್ ಇವು ಒಡುದ್ರೇ ಹೊರ್ತು ಬರಾಕಿಲ್ಲ. ನಿಮ್ಮತ್ತೆ ಬುದ್ವಂತೆ ಕಣವ್ವ."

ಭವ್ಯ ಒಬ್ಬಳೇ ನಗಲಿಲ್ಲ. "ಅವ್ವ, ನೀನೇ ಹೇಳಿ ಮಾಡ್ಸುದ್ಯಾ? ಅತ್ಗೆ ಡ್ಯೂಟಿ ಹೆಂಗ್ ಮಾಡ್ತರೆ?"

"ಇನ್ಯಾವ ಡ್ಯೂಟಿ? ಆಪೀಸ್ನಲ್ಲಿ ಬರಿಯಾಕೆ ಬಳೆ ಅಡ್ಡ ಬತ್ತವಾ? ಓಗಮ್ಮಿ, ಒಲೆ ನೋಡು."

ಮೂಗಮ್ಮ ಅದನ್ನು ಹಗೆಯಿಂದ ಮಾಡಲಿಲ್ಲ, ಅದನ್ನೂ ಹೇಳಬೇಕು. ಸೊಸೆಯ ತುಂಬಿದ ಕೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ಹಬ್ಬ ಕಳೆದ ವಾರದಲ್ಲೇ ಅದು ನಡೆಯಿತು. ಗುಂಡ್ಲುಪೇಟೆ ಕಡೆಯ ಮದ್ದೂರು ಕಾಡಂಚಿನ ಕೂಲಿಯವಳೊಬ್ಬಳು ಪಾಳಿ ಬದಲಾಗುವ ಹೊತ್ತಿಗೆ ಹೆರಿಗೆಗೆ ಬಂದಿದ್ದಳು. ಮಗು ಸುಸೂತ್ರ ಹುಟ್ಟಿತು, ಆದರೆ ಸತ್ತೆ, ಮಗುವಿನ ಹಿಂದೆ ಬರಬೇಕಾದ ಮಾಸು, ಬೀಳಲಿಲ್ಲ. ರಕ್ತ ಮಂಚದ ಕೆಳಗೆ ಹರಿಯತೊಡಗಿತು. ಡಾಕ್ಟರು ನಗರದಲ್ಲಿ ಮೀಟಿಂಗಿಗೆ ಹೋಗಿದ್ದರು. ಕೈ ಹಾಕಿ ತೆಗೆಯಬೇಕು, ಇನ್ನು ಬೇರೆ ದಾರಿ ಇರಲಿಲ್ಲ. ಗಂಗಾಂಬಿಕೆಯ ಬೆರಳುಗಳು ವಾತ ಹಿಡಿದು ಸೊಟ್ಟಗಾಗಿದ್ದವು.

"ಶಶೀ, ನೀನೇ ಹಾಕ್ಬೇಕು ಕಣೆ!"

ಶಶಿರೇಖಾ ಸೋಪು ಹಚ್ಚಿ ಬಳೆ ಎಳೆದಳು. ಗಿಣ್ಣಿನ ಹತ್ತಿರ ಬಂದು ನಿಂತವು, ಮುಂದಕ್ಕೆ ಬರಲಿಲ್ಲ. ಅವಳು ಕೈಯ ಮೇಲೆ ಬಟ್ಟೆ ಸುತ್ತಿ, ಬಾಗಿಲ ಚಪ್ಪಡಿಗೆ ಒಂದು ಏಟು ಹಾಕಿದಳು. ಇನ್ನೊಂದು ಕೈಗೂ ಹಾಗೇ. ಚೂರು ಕೊಡವಿ, ಗಾಯವಾದ ಮಣಿಕಟ್ಟಿಗೆ ಸ್ಪಿರಿಟ್ ಸುರಿದುಕೊಂಡು, ಗ್ಲೌಸು ಏರಿಸಿ ಒಳಗೆ ಹೋದಳು. ಆ ಹೆಣ್ಣು ಬದುಕಿಕೊಂಡಳು.

ಬಾಗಿಲಲ್ಲಿ ಕಾದು ಕೂತಿದ್ದ ಹೆಂಗಸರು ಕಂಡದ್ದು ಬೇರೆ. ಗಂಡ ಬದುಕಿರುವಾಗಲೇ ನರ್ಸಮ್ಮ ತನ್ನ ಕೈಯಾರೆ ಬಳೆ ಒಡೆದುಕೊಂಡಳು. ಆ ಸುದ್ದಿ ಅವಳಿಗಿಂತ ಮೊದಲು ಮನೆ ಮುಟ್ಟಿತು.

ಅವತ್ತು ಹಿತ್ತಲ ಬಾಗಿಲೂ ಮುಚ್ಚಿತ್ತು. ಮೂಗಮ್ಮ ಮಾದಪ್ಪನ ಪಟದ ಮುಂದೆ ದೀಪ ಹಚ್ಚಿ ಎದೆ ಬಡಿದುಕೊಂಡು ಕೂತಿದ್ದಳು. ಶಿವರಾಮು ಬಂದಾಗ ಅವನ ತೋರುಬೆರಳಿಗೆ ಬಟ್ಟೆ ಕಟ್ಟಿತ್ತು.

"ಏನ್ಲಾ ಅದು?"

"ಏನಿಲ್ಲವ್ವ. ಟಿಕೆಟ್ ತೂತು ಮಾಡೋ ಪಂಚ್‌ಗೆ ಸಿಕ್ಕೊಂತು."

"ನೋಡ್ದಾ! ನೋಡುದ್ರಾ ಎಲ್ರೂವೆ! ಅವ್ಳು ಅಲ್ಲಿ ಒಡುದ್ಲು, ಇವ್ನಿಗೆ ಇಲ್ಲಿ ರಕ್ತ ಬಂತು!"

"ಅವ್ವ, ಆ ಪಂಚು ತಿಂಗ್ಳಿಗೊಂದ್ ಸಲ ಕಚ್ತದೆ," ಅಂದ ಶಿವರಾಮು. ಆದರೆ ಅವನೂ ಅಂಗಳದಲ್ಲಿ ನಿಂತಿದ್ದ ಹೆಂಡತಿಯ ಕೈ ನೋಡಿ ಮುಖ ತಿರುಗಿಸಿದ. ಮಣಿಕಟ್ಟಿನ ಮೇಲೆ ಗಾಜು ಗೀರಿದ ಗೆರೆಗಳಿದ್ದವು. ಬಳೆಯ ಜಾಗದಲ್ಲೇ ಇದ್ದವು.

"ಬಾಯಿ ಬುಡ್ರೀ," ಅಂದಳು ಶಶಿರೇಖಾ ಅಂಗಳದಿಂದ. "ಆ ಹೆಂಗ್ಸು ಸಾಯ್ಬೇಕಿತ್ತಾ?"

"ಸಾಯ್ಲಿ ಅಂತ ಯಾರಂದ್ರು? ಆದ್ರೆ ಎಲ್ಲಾ ನಿನ್ ಕೈಲೇ ಆಗ್ಬೇಕಾ? ಬೇರೆ ಯಾರೂ ಇಲ್ವಾ ಅಲ್ಲಿ?"

"ಇಲ್ಲ ರೀ. ಯಾರೂ ಇಲ್ಲ. ಅದ್ನೇ ನಾನು ಹೇಳ್ತಿರಾದು."

"ಆರ್ಡರ್ ಬತ್ತದೆ. ಓಗಿ ಜಾಯಿನ್ ಆಗು. ಎಲ್ಲಾ ಮುಗೀತದೆ."

ಆರ್ಡರು ಬಂತು. ಮೂಗಮ್ಮ ಸೊಸೆಯನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ತಪ್ಪು ಕಾಣಿಕೆ ಹಾಕಿಸಿ, ಸೋಮಮ್ಮನ ಕೈಲಿ ಅದೇ ಬಿಗಿ ಬಳೆ ಮತ್ತೆ ತೊಡಿಸಿದಳು. ಶಶಿರೇಖಾ ದಿನಾ ಗಂಡನ ಬಸ್ಸಿನಲ್ಲೇ ನಗರಕ್ಕೆ ಹೋಗಿ ಬರತೊಡಗಿದಳು. ನಗರದ ಸುತ್ತ ಹೊಸದಾಗಿ ಏನೇನೋ ಫ್ಯಾಕ್ಟರಿ ಬರುತ್ತವಂತೆ ಎಂದು ಬಸ್ಸಿನಲ್ಲಿ ಕೇಳಿದ್ದನ್ನು ಮನೆಗೆ ಬಂದು ಹೇಳುವಷ್ಟು ಹಗುರಾದಳು. ಕಾಲಿನ ಊತ ಇಳಿಯಿತು. ಅವಳು ಮುಂಬಾಗಿಲಿಂದಲೇ ಒಳಗೆ ಬರುತ್ತಿದ್ದಳು. ಹಂಡೆಗೆ ಸಂಜೆಯ ಉರಿ ತಪ್ಪಿತು. ಅತ್ತೆ ಸೊಸೆ ಕೂತು ಅವರೆಕಾಯಿ ಸುಲಿದರು. ಇಬ್ಬರೂ ಕೂಡಿ ಸೋಮಮ್ಮನ ದುರಾಸೆ ಬಗ್ಗೆ ಆಡಿಕೊಂಡು ನಕ್ಕರು. ಅದು ಸುಳ್ಳು ಸುಖವೇನಲ್ಲ.

ಅತ್ತ ಗಂಗಾಂಬಿಕೆ ಒಬ್ಬಳೇ ಹಗಲು ರಾತ್ರಿ ಎಳೆದಳು. ಒಂದು ದಿನ ಔಷಧಿ ಕೋಣೆಯಲ್ಲಿ ಕುಸಿದು ಬಿದ್ದಳು. ಮಗ ಬಂದು ಮೈಸೂರಿಗೆ ಕರೆದುಕೊಂಡು ಹೋದ. ಹೆರಿಗೆ ಕೋಣೆಗೆ ಬೀಗ ಬಿತ್ತು. ಬಂದವರಿಗೆಲ್ಲ ಬಸ್ ಸ್ಟ್ಯಾಂಡಿನ ದಾರಿ ತೋರಿಸತೊಡಗಿದರು.

ಒಂದು ಸಂಜೆ ಶಿವರಾಮು ತಡವಾಗಿ ಬಂದ. ಶಶಿರೇಖಾ ಅದಕ್ಕೆ ಮುಂಚಿನ ಬಸ್ಸಿನಲ್ಲೇ ಬಂದು ಅಡಿಗೆ ಮುಗಿಸಿ ಬಡಿಸುತ್ತಿದ್ದಳು. ಅವನು ಕೈ ತೊಳೆದ, ಮತ್ತೆ ತೊಳೆದ. ತಟ್ಟೆಯ ಮುಂದೆ ಕೂತ.

"ಥೂ, ಬಸ್ ತೊಳ್ದು ತೊಳ್ದು ಸಾಕಾಯ್ತು ಕಣವ್ವ. ನಮ್ಮೂರ್ ಗೇಟ್ನಲ್ಲಿ ಒಂದು ಬಸ್ರಿ ಹೆಂಗ್ಸು ಹತ್ತುದ್ಲು. ಜೊತೇಲಿ ಒಬ್ಬ ಮುದ್ಕಿ. ಆಸ್ಪತ್ರೇಲಿ ನಗರಕ್ಕೆ ಓಗಿ ಅಂದ್‌ಬುಟ್ರಂತೆ. ನಾನು ಎರಡು ಟಿಕೆಟ್ ಹರ್ದು ಕೊಟ್ಟೆ. ಅರ್ಧ ದಾರೀಲಿ ಸೀಟ್ನಿಂದ ಕೆಳೀಕೆ ಬಿದ್ಲು. ಡ್ರೈವರ್ ಬಸ್ ನಿಲ್ಸುದ. ಗಂಡಸ್ರನ್ನೆಲ್ಲ ಇಳ್ಸುದೋ. ಹೆಂಗಸ್ರೇ ಸೀರೆ ಅಡ್ಡ ಹಿಡ್ದ್ರು."

"ಆಮ್ಯಾಕೆ?" ಅಂದಳು ಮೂಗಮ್ಮ.

"ಕೂಸು ಅಳ್ನಿಲ್ಲ."

ಪುಟ್ಟಮಾದು ಉಣ್ಣುವುದನ್ನು ನಿಲ್ಲಿಸಿದ. ಮೂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಎಲ್ಲರಿಗಿಂತ ಮೊದಲು ಅವಳೇ ಕೇಳಿದಳು:

"ಅಲ್ಲಾ ಕಣ್ಲಾ, ಆಸ್ಪತ್ರೇಲಿ ಒಂದು ನರಪಿಳ್ಳೆನೂ ಇರ್ನಿಲ್ವಾ?"

ಒಲೆಯ ಪಕ್ಕದಲ್ಲಿ ನಿಂತಿದ್ದ ಭವ್ಯ ಹೇಳಿಬಿಟ್ಟಳು: "ಯಾರಿರ್ತರವ್ವ? ಇರ್ಬೇಕಾದೋರು ಇಲ್ಲಿ ಸಾರು ಬಡುಸ್ತಾವ್ರೆ."

"ಮುಚ್ಚಮ್ಮಿ ಬಾಯ್ನ!" ಪುಟ್ಟಮಾದು ಗದರಿದ. ಅವನ ದನಿಯಲ್ಲಿ ಬಲವಿರಲಿಲ್ಲ. ಶಶಿರೇಖಾ ಸೌಟನ್ನು ಪಾತ್ರೆಯೊಳಗೆ ಇಟ್ಟಳು. ಬಳೆಗಳು ಪಾತ್ರೆಯ ಅಂಚಿಗೆ ತಗುಲಿ ಸದ್ದಾದವು. ಅವಳು ಆ ಸಂಜೆ ಊಟ ಮಾಡಲಿಲ್ಲ.

ಮಾರನೆಯ ದಿನ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ರಂಗರಾಜು ಅವರ ಮೇಜಿನ ಮುಂದೆ ನಿಂತಳು.

"ಸಾರ್, ನಮ್ಮೂರ ಆಸ್ಪತ್ರೆಗೆ ಒಬ್ಬ ನರ್ಸನ್ನ ಹಾಕಿ. ಹೆರಿಗೆ ಕೋಣೆಗೆ ಬೀಗ ಹಾಕಿದಾರೆ."

"ಅಲ್ಲಿ ಖಾಲಿ ಎಲ್ಲಿದೆಯಮ್ಮ?"

"ಯಾರೂ ಇಲ್ಲ ಸಾರ್."

"ಯಾರೂ ಇಲ್ಲ ಅಂದ್ರೆ? ನೀವಿದ್ದೀರಲ್ಲ. ಸಂಬಳ ಅಲ್ಲಿಂದ್ಲೇ ತಗೋತಾ ಇದ್ದೀರಿ. ಮೈಸೂರಲ್ಲಿರೋರೂ ಲೆಕ್ಕದಲ್ಲಿ ಅಲ್ಲೇ ಇದ್ದಾರೆ. ಗಲ್ಫಿಗೆ ಹೋದೋರೂ ಗಂಗಾಂಬಿಕೆಯವರೂ ರಜದ ಮೇಲೆ ಇದ್ದಾರೆ. ಇಷ್ಟು ಜನ ಇರೋ ಕಡೆಗೆ ಇನ್ನೊಬ್ಬರನ್ನ ಹೇಗೆ ಕೇಳಲಿ?"

"ನಾನು ಇಲ್ಲಿದ್ದೀನಿ ಸಾರ್. ನಿಮ್ಮ ಮುಂದೆ."

"ಅದು ನನಗೆ ಕಾಣ್ಸುತ್ತೆ ತಾಯಿ. ಬೆಂಗಳೂರಿಗೆ ಕಾಣಬೇಕಲ್ಲ."

ರಂಗರಾಜು ಕೆಟ್ಟ ಮನುಷ್ಯನಲ್ಲ. ಅವರು ಟೀ ತರಿಸಿ ಕೊಟ್ಟರು. ಶಶಿರೇಖಾ ಟೀ ಮುಟ್ಟದೆ ಕೇಳಿದಳು: "ಹಂಗಾರೆ ನನ್ನ ವಾಪಸ್ ಕಳಿಸಿ."

ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. "ಇಲ್ಲಿಗೆ ಹಾಕ್ಸಿ ಅಂತ ಕಾಲು ಹಿಡಿಯೋರನ್ನ ಬೇಕಾದಷ್ಟು ನೋಡಿದೀನಿ. ವಾಪಸ್ ಕಳಿಸಿ ಅನ್ನೋರನ್ನ ಈಗಲೇ ನೋಡ್ತಿರೋದು. ಮನೇಲಿ ಕೇಳಿದ್ದೀರಾ?"

"ಕೇಳೋಕೆ ಹೋದ್ರೆ ಆಗಲ್ಲ ಸಾರ್. ಹೇಳ್ತೀನಿ."

ಹೇಳಿದಳು. ಮನೆ ಮತ್ತೆ ಉರಿಯಿತು. ಮರಿಮಲ್ಲಪ್ಪನ ಮುಖ ಹೇಗೆ ನೋಡಲಿ ಎಂದು ಪುಟ್ಟಮಾದು ಕೂಗಾಡಿದ. ಒಲೆ ಹತ್ತಿದರೂ ಯಾರೂ ಸರಿಯಾಗಿ ಉಣ್ಣದ ದಿನಗಳು ಕಳೆದವು. ಕೊನೆಗೆ ವಾಪಸ್ಸಿನ ಆರ್ಡರು ಬಂತು, ಅವಳು ಹೊರಡುವ ಬೆಳಿಗ್ಗೆಯೂ ಬಂತು. ಕಬ್ಬಿಣದ ಟ್ರಂಕು ನಡುಮನೆಯಲ್ಲಿತ್ತು.

"ಟ್ರಂಕ್ ಯಾಕಮ್ಮಿ?" ಅಂದಳು ಮೂಗಮ್ಮ. "ಆಸ್ಪತ್ರೆ ಇರಾದು ಕೂಗಳತೇಲಿ."

"ಇನ್ನೊಬ್ರು ಬರೋಗಂಟ ನನ್ನ ಬುಡ್ಸೋರು ಯಾರೂ ಇಲ್ಲ ಅತ್ತೆ. ಕ್ವಾರ್ಟರ್ಸ್‌ನಲ್ಲೇ ಇರ್ಬೇಕು. ಕೂಗುದಾಗ ಓಡ್ಬೇಕು."

"ಇನ್ನೊಬ್ರು ಯಾವಾಗ ಬತ್ತರೆ?"

"ಗೊತ್ತಿಲ್ಲ."

"ಓಗು. ಓಗೋಳ್ನ ಕಟ್ಟಾಕಕಾಯ್ತದಾ? ಆದ್ರೆ ಬಳೆ ತೆಗ್ದಿಟ್ಟು ಈ ಒಸ್ಲು ದಾಟುದ್ರೆ, ಇನ್ ತಿರುಗಿ ಬರಬ್ಯಾಡ. ಹೇಳಿವ್ನಿ."

ಶಶಿರೇಖಾ ಬಟ್ಟಲಲ್ಲಿ ಸೋಪಿನ ನೀರು ಕಲೆಸಿ ತಂದು, ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಗಂಡನ ಮುಂದೆ ಕೂತು ಎರಡೂ ಕೈ ಚಾಚಿದಳು.

"ನೀವೇ ತೆಗೀರಿ. ನಿಮ್ ಹೆಸರಿನ ಬಳೆ. ನಿಮ್ ಕೈಯಿಂದ ತೆಗುದ್ರೆ ಯಾರೂ ಏನೂ ಅನ್ನಾಕಿಲ್ಲ."

ಶಿವರಾಮು ಅವಳ ಕೈ ನೋಡಿದ. ತಾಯಿಯ ಮುಖ ನೋಡಿದ. ಒಂದು ಸಲ ಬಗ್ಗಿ ಅವಳ ಬೆರಳು ಹಿಡಿಯುವ ಹಾಗೆ ಮಾಡಿದ. ಆಮೇಲೆ ಗೂಟದ ಮೇಲಿದ್ದ ಟಿಕೆಟ್ ಚೀಲಕ್ಕೆ ಕೈ ಹಾಕಿದ.

"ಬಸ್ಸಿಗೆ ಹೊತ್ತಾಯ್ತು ಕಣೆ."

ಅವನ ಚಪ್ಪಲಿ ಸದ್ದು ಓಣಿಯ ತಿರುವಿನ ತನಕ ಕೇಳಿಸಿತು. ಅವಳು ಚಾಚಿದ ಕೈ ಚಾಚಿದ ಹಾಗೇ ಕೂತಿದ್ದಳು. ಭವ್ಯ ಅಡಿಗೆಮನೆಯಿಂದ ಒಂದು ತೆಳು ಪ್ಲಾಸ್ಟಿಕ್ ಕವರು ತಂದಳು. ಅತ್ತಿಗೆಯ ಎದುರು ಕೂತು, ಅವಳ ಕೈಗೆ ಕವರು ತೊಡಿಸಿ, ಮೇಲೆ ಸೋಪು ಹಚ್ಚಿ, ಗಿಣ್ಣು ಒತ್ತಿ ಹಿಡಿದು ಒಂದೊಂದೇ ಬಳೆ ಜಾರಿಸಿದಳು. ಎಲ್ಲ ಬಂದ ಮೇಲೆ ತೊಳೆದು ಒರೆಸಿ ತಾಯಿಯ ಮಡಿಲಿಗೆ ಹಾಕಿದಳು.

"ತಕ್ಕೊ. ಒಂದೂ ಒಡ್ದಿಲ್ಲ. ನಿನ್ ಮಗ ಚೆಂದಾಗವ್ನೆ."

ಮೂಗಮ್ಮ ಬಳೆಗಳನ್ನು ಸೆರಗಿನಲ್ಲಿ ಹಿಡಿದುಕೊಂಡಳು. ಶಶಿರೇಖಾ ಮಾವನ ಕಾಲು ಮುಟ್ಟಿದಳು, ಅತ್ತೆಯ ಕಾಲು ಮುಟ್ಟಿದಳು. ಟ್ರಂಕು ಎತ್ತಿ ತಲೆಯ ಮೇಲೆ ಇಟ್ಟುಕೊಂಡು, ಮುಂಬಾಗಿಲಿಂದಲೇ, ಬರಿಗೈಯಲ್ಲಿ ಹೊಸ್ತಿಲು ದಾಟಿ ಹೋದಳು.

ಸಂಜೆ ಹಸು ಕರೆದಾದ ಮೇಲೆ ಮೂಗಮ್ಮ ಹಿತ್ತಲಿಗೆ ಹೋದಳು. ಹಂಡೆ ತೊಳೆದು, ಬಾವಿಯಿಂದ ಸೇದಿ ತುಂಬಿಸಿ, ಗರಿ ಒಟ್ಟಿ ಉರಿ ಹಾಕಿದಳು.

"ಯಾರ್ಗವ್ವ?" ಅಂದಳು ಭವ್ಯ.

"ಯಾರ್ಗೂ ಇಲ್ಲ. ನೀನ್ ಓಗು ಒಳಕ್ಕೆ."

ನೀರು ಕುದಿಯಿತು. ಗುಂಡ್ಲುಪೇಟೆ ಕಡೆಯ ಬಸ್ಸು ರಸ್ತೆಯಲ್ಲಿ ಹಾದು ಹೋಯಿತು. ಮೂಗಮ್ಮ ಮಡಿ ಸೀರೆಯೊಂದನ್ನು ತಂದು ಬಚ್ಚಲ ಗೋಡೆಯ ಮೇಲೆ ಹಾಕಿ, ಕಲ್ಲಿನ ಮೇಲೆ ಕೂತಳು. ಕತ್ತಲಾಗುವ ತನಕ ಕೂತಿದ್ದು, ಕೊಳ್ಳಿ ಹೊರಗೆಳೆದಳು. ಮಾರನೆಯ ಸಂಜೆಯೂ ಉರಿ ಹಾಕಿದಳು, ಅದರ ಮಾರನೆಯ ಸಂಜೆಯೂ. ಆಸ್ಪತ್ರೆಗೆ ಇನ್ನೊಬ್ಬ ನರ್ಸು ಬರಲಿಲ್ಲ. ಸೊಸೆಯೂ ಮನೆಗೆ ಬರಲಿಲ್ಲ.